ಎರಡನೆಯ ಮೂಲ

ನಲವತ್ತೊಂದನೆಯ ವಯಸ್ಸಿಗೆ ಪದವಿ ತರಗತಿಗೆ ಬಂದು ಕೂತವಳನ್ನು ಹುಡುಗಿಯರು ಮೊದಲ ವಾರವೇ ‘ದೊಡ್ಡಕ್ಕ’ ಮಾಡಿಬಿಟ್ಟರು. ಆ ಹೆಸರಿನಲ್ಲಿ ಸ್ವಲ್ಪ ಗೇಲಿ, ಸ್ವಲ್ಪ ಅಕ್ಕರೆ ಇತ್ತು. ಅವಳು ಅಕ್ಕರೆಯನ್ನಷ್ಟೇ ಆರಿಸಿಕೊಂಡಳು.

ಓದುತ್ತೇನೆ ಎಂದಾಗ ಗಂಡ ಬೇಡವೆಂದಿರಲಿಲ್ಲ. ಕನ್ನಡಕದಂಗಡಿಯವನು, ಮೆತ್ತನೆಯ ಮಾತಿನವನು. ತಾನೇ ಅರ್ಜಿ ತುಂಬಿದ, ಹೊಸ ಫೋನು ಕೊಡಿಸಿದ, ಇಮೇಲ್ ಖಾತೆಯನ್ನೂ ತೆರೆದು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟ. “ಮರೆತ್ರೆ ನನ್ನ ಕೇಳು,” ಎಂದ. ಅತ್ತೆ ಮಾತ್ರ ಹಜಾರದ ಕುರ್ಚಿಯಲ್ಲಿ ಕೂತು, “ಅರ್ಧ ಮುದುಕಿಗೆ ಅಕ್ಷರದ ಹುಚ್ಚು,” ಎಂದು ದಿನಕ್ಕೊಮ್ಮೆ ಗೊಣಗುತ್ತಿದ್ದರು.

ಸಮಾಜಶಾಸ್ತ್ರದ ಮೇಷ್ಟ್ರು ಚೀಟಿ ಎತ್ತಿಸಿ ಪ್ರಬಂಧದ ವಿಷಯ ಹಂಚಿದರು. ಮನೆಯೊಳಗಿನ ಅಪಘಾತಗಳಲ್ಲಿ ಸತ್ತ ಹೆಂಗಸರ ಸುದ್ದಿಯನ್ನು ಊರಿನ ಪತ್ರಿಕೆ ಇಪ್ಪತ್ತೈದು ವರ್ಷಗಳಲ್ಲಿ ಹೇಗೆ ಬರೆಯಿತು ಎಂಬುದು ದೊಡ್ಡಕ್ಕನ ಪಾಲಿಗೆ ಬಂತು.

ಲೈಬ್ರರಿಯ ಕಂಪ್ಯೂಟರ್ ಮುಂದೆ ಕೂತಾಗ ಅದು ಖಾತೆ ಕೇಳಿತು. ಚೀಟಿ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ‘ಹೆಂಗಸು ಮನೆಯಲ್ಲಿ ಬಿದ್ದು ಸತ್ತದ್ದು’ ಎಂದು ಹುಡುಕಿದರೆ ಸಾವಿರಗಟ್ಟಲೆ ಸಾಲುಗಳು ಬಂದವು.

“ಸಮುದ್ರಕ್ಕೆ ಸೌಟು ಹಾಕಿದ್ಹಾಗಾಯ್ತಲ್ಲಮ್ಮ!” ಬೆನ್ನ ಹಿಂದೆ ನಿಂತಿದ್ದ ಗ್ರಂಥಪಾಲಕಿ ನಕ್ಕರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು; ಸದಾ ತುಟಿಯ ಮೇಲೆ ಬೆರಳಿಟ್ಟುಕೊಂಡಿರುತ್ತಿದ್ದ ಅವರನ್ನು ಹುಡುಗಿಯರು ‘ಶ್ ಮೇಡಂ’ ಎನ್ನುತ್ತಿದ್ದರು. “ನಿಮ್ಮ ಮಾತಲ್ಲಿ ಹುಡುಕ್ಬೇಡಿ, ಪತ್ರಿಕೆಯವರ ಮಾತಲ್ಲಿ ಹುಡುಕಿ. ನಾವು ‘ಜಾರಿ ಬಿದ್ಲು’ ಅಂತೀವಿ. ಅವರು ‘ಆಯತಪ್ಪಿ ಬಿದ್ದು’ ಅಂತ ಬರೀತಾರೆ. ಆ ಎರಡು ಪದಾನ ಉದ್ಧರಣ ಚಿಹ್ನೆ ಒಳಗಿಡಿ. ಆಮೇಲೆ ವರ್ಷ ಹಾಕಿ.”

ಹಾಕಿದಳು. ಸಮುದ್ರ ಬತ್ತಿ ಬಿಂದಿಗೆಯಷ್ಟಾಯಿತು.

“ಇನ್ನೊಂದು ಮಾತು. ಒಂದೇ ಕಡೆ ಸಿಕ್ಕಿದ್ದು ಬರೀ ಅಂತೆಕಂತೆ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಮೂಲ ಅದನ್ನೇ ಹೇಳಿದ್ರೆ ಆಗ ನಂಬಿ.”

ಮೂರು ವಾರ ಹೀಗೇ ನಡೆಯಿತು. ಸುಟ್ಟುಹೋದವರು, ಬಚ್ಚಲಲ್ಲಿ ಜಾರಿದವರು, ವಿದ್ಯುತ್ ತಗುಲಿದವರು. ಎಲ್ಲರೂ ‘ಗೃಹಿಣಿ’, ಯಾರಿಗೂ ನಾಲ್ಕು ಸಾಲಿಗಿಂತ ಹೆಚ್ಚು ಜಾಗವಿಲ್ಲ. ಊಟಕ್ಕೆ ಕೂತಾಗ ಗಂಡ ವಿಚಾರಿಸಿಕೊಳ್ಳುತ್ತಿದ್ದ. “ಬಿದ್ದೋರದ್ದೇ ಜಾಸ್ತಿ ನೋಡ್ತಿದ್ದೀಯಲ್ಲ, ಸುಟ್ಟುಹೋದೋರೂ ಇದ್ದಾರಲ್ಲ?” ಎಂದು ಒಮ್ಮೆ ಕೇಳಿದ್ದ. ಇವರಿಗೂ ನನ್ನ ಓದಿನಲ್ಲಿ ಎಷ್ಟು ಆಸಕ್ತಿ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು.

ಆ ಗುರುವಾರ ಮಧ್ಯಾಹ್ನ ಇಪ್ಪತ್ತು ವರ್ಷ ಹಿಂದಿನ ಒಂದು ಸುದ್ದಿ ಪರದೆಯ ಮೇಲೆ ಬಂತು. ‘ತಾರಸಿಯಿಂದ ಆಯತಪ್ಪಿ ಬಿದ್ದು ಗೃಹಿಣಿ ಸಾವು. ಗಡಿಯಾರದ ಬೀದಿಯ ಕನ್ನಡಕ ವ್ಯಾಪಾರಿಯೊಬ್ಬರ ಪತ್ನಿ (24) ಸಂಜೆ ಒಣಗಿದ ಬಟ್ಟೆ ತರಲು ಪತಿಯೊಂದಿಗೆ ತಾರಸಿಗೆ ಹೋಗಿದ್ದಾಗ ಈ ಅವಘಡ ಸಂಭವಿಸಿದೆ. ಮೃತರು ಪದವಿ ಪರೀಕ್ಷೆಗೆ ಓದುತ್ತಿದ್ದರು.’

ಗಡಿಯಾರದ ಬೀದಿಯಲ್ಲಿ ಕನ್ನಡಕದಂಗಡಿ ಇದ್ದದ್ದು ಒಂದೇ. ಅದರ ಮಾಲೀಕನಿಗೆ ಮೊದಲೊಬ್ಬ ಹೆಂಡತಿ ಇದ್ದಳೆಂದು ದೊಡ್ಡಕ್ಕನಿಗೂ ಗೊತ್ತಿತ್ತು. ಹದಿನೆಂಟು ವರ್ಷದ ಹಿಂದೆ ಮದುವೆಯ ಮಾತುಕತೆಯಲ್ಲಿ ಹೇಳಿದ್ದರು: ಕಾಮಾಲೆಯಾಗಿತ್ತು, ತವರಿನಲ್ಲೇ ತೀರಿಕೊಂಡಳು.

ಗ್ರಂಥಪಾಲಕಿ ಒಳಗಿನಿಂದ ಆ ವರ್ಷದ ಪತ್ರಿಕೆಗಳ ದಪ್ಪ ಸಂಪುಟ ಹೊತ್ತು ತಂದರು. ಹಳದಿಗಟ್ಟಿದ ಹಾಳೆಯಲ್ಲಿ ಅದೇ ನಾಲ್ಕು ಸಾಲುಗಳಿದ್ದವು. ದೊಡ್ಡಕ್ಕ ತಾರೀಕು, ಪುಟ, ಕಾಲಂ ಬರೆದುಕೊಂಡಳು. ಪುಟದ ಸಂಖ್ಯೆಯನ್ನು ಎರಡು ಸಲ ತಿದ್ದಬೇಕಾಯಿತು. ಆ ಅಂಗಡಿ ದೊಡ್ಡಕ್ಕನ ಗಂಡನದೆಂದು ಗ್ರಂಥಪಾಲಕಿಗೆ ಗೊತ್ತಿತ್ತು. ಪರದೆಯ ಮೂಲೆಗೆ ಬಗ್ಗಿ, “ಇದು ಯಾರ ಖಾತೆನಮ್ಮ?” ಎಂದರು.

“ನಂದೇ. ನಮ್ಮೆಜಮಾನ್ರು ಮಾಡ್ಕೊಟ್ಟಿದ್ದು. ಅಂಗಡಿ ಕಂಪ್ಯೂಟರಲ್ಲೂ ಇದೇ ಇದೆ.”

“ಹಾಗಿದ್ರೆ ನೀವು ಹುಡುಕಿದ್ದೆಲ್ಲ ಅಲ್ಲೂ ಕಾಣತ್ತಲ್ಲ.”

ಅವರೇ ಒತ್ತಿ ತೋರಿಸಿದರು. ಮೂರು ವಾರ ಅವಳು ಹುಡುಕಿದ ಒಂದೊಂದು ಮಾತೂ ಸಮಯದ ಸಮೇತ ಸಾಲಾಗಿ ನಿಂತಿತ್ತು. ಎಲ್ಲಕ್ಕಿಂತ ಮೇಲೆ, ಆಗಷ್ಟೇ ತೆರೆದಿದ್ದ ಆ ಸುದ್ದಿ.

“ಅಳಿಸಿಬಿಡ್ಲಾ?”

“ಅಳಿಸಿದ್ರೆ, ಅಳಿಸಿದ್ದೂ ಗೊತ್ತಾಗತ್ತೆ,” ಎಂದರು ಗ್ರಂಥಪಾಲಕಿ. ಆಮೇಲೆ ತಗ್ಗಿದ ದನಿಯಲ್ಲಿ, “ನಾನು ಏಳರ ತನಕ ಇಲ್ಲೇ ಇರ್ತೀನಿ,” ಎಂದರು.

ಪತ್ರಿಕೆ ಹೇಳಿದ್ದು ಒಂದು ಮೂಲ. ಒಂದೇ ಮೂಲ, ಅಂತೆಕಂತೆ. ಸಂಜೆ ಐದರ ತನಕ ಅಲ್ಲೇ ಕೂತಿದ್ದು ಹೊರಟವಳು ದಾರಿಯುದ್ದಕ್ಕೂ ಅದನ್ನೇ ಜಪಿಸಿಕೊಂಡು ನಡೆದಳು. ತನ್ನ ಮನೆಗೆ ತಾನು ಹೋಗಲು ಯಾಕೆ ಹೆದರಬೇಕು?

ಬಾಗಿಲು ತೆರೆದಾಗ ಹಜಾರದಲ್ಲಿ ಎಂದೂ ಇಲ್ಲದ ಬೆಳಕಿತ್ತು. ಮೆಟ್ಟಿಲ ಮೇಲಿನಿಂದ ಇಳಿದು ಬರುತ್ತಿತ್ತು. ತಾರಸಿಯ ಬಾಗಿಲ ಕೀಲಿ ಕಳೆದಿದೆ ಎಂದು ಹದಿನೆಂಟು ವರ್ಷ ಆ ಬಾಗಿಲು ತೆರೆದಿರಲಿಲ್ಲ. ಬಟ್ಟೆಯೆಲ್ಲ ಒಣಗುತ್ತಿದ್ದದ್ದು ಮನೆಯ ಹಿಂದಿನ ಓಣಿಯಲ್ಲಿ.

“ಬಂದ್ಯಾ?” ಮೇಲಿನಿಂದ ಗಂಡನ ಮೆತ್ತನೆಯ ದನಿ. “ಬೀಗ ಒಡೆಸ್ದೆ ಕಣೇ. ಎಷ್ಟು ವರ್ಷ ಅಂತ ಆ ಓಣಿಲಿ ಒದ್ದಾಡ್ತೀಯ? ಹೊಸ ತಂತಿ ಕಟ್ಟಿದೀನಿ. ಬಕೆಟ್ ತಗೊಂಡು ಬಾ.” ಹಾಗೇ ಮುಂದುವರಿಸಿ, “ನಿನ್ನ ಪ್ರಬಂಧಕ್ಕೂ ಆಯ್ತು. ಜಾಗ ನೋಡಿದ್ಹಾಗಾಗತ್ತೆ,” ಎಂದ.

ಅತ್ತೆ ಕುರ್ಚಿಯಲ್ಲಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲನ್ನೇ ನೋಡುತ್ತಿದ್ದರು. ದೊಡ್ಡಕ್ಕ ಅವರ ಕಾಲ ಬಳಿ ಕುಕ್ಕರಿಸಿದಳು.

“ಅತ್ತೆ, ಮೊದಲ್ನೋಳು ಕಾಮಾಲೇಲಿ ಹೋದ್ಲಾ?”

ಮುದುಕಿ ಅವಳ ಕಿವಿಯತ್ತ ಬಗ್ಗಿದರು. “ಒಣಗಿದ ಬಟ್ಟೆ ತರೋಣ ಬಾ ಅಂತ ಕರೆದ. ಬಟ್ಟೆ ಒಣಗಿರ್ಲೇ ಇಲ್ಲ ಕಣೇ. ಆಗಷ್ಟೇ ನಾನೇ ಹಿಂಡಿ ಹರವಿ ಕೆಳಗಿಳಿದಿದ್ದೆ.” ಅವರ ಉಗುರು ಸೊಸೆಯ ಮುಂಗೈಗೆ ನಾಟಿತು. “ಹೆತ್ತ ಮಗ. ಬಾಯಿಗೆ ಬೀಗ ಹಾಕ್ಕೊಂಡೆ. ನೀನು ಹೋಗ್ಬೇಡ.”

ಎರಡನೆಯ ಮೂಲ ಹದಿನೆಂಟು ವರ್ಷ ಇದೇ ಕುರ್ಚಿಯಲ್ಲಿ ಕೂತಿತ್ತು. ಓದುತ್ತಿದ್ದ ಮೊದಲ ಸೊಸೆಯ ಗತಿ ಕಂಡವರು ಓದು ಬೇಡವೆಂದು ಗೊಣಗಿದ್ದರ ಅರ್ಥ ಅವಳಿಗೆ ಆಗ ಹೊಳೆಯಿತು.

“ಏನು ಮಾಡ್ತಿದ್ದೀಯ?” ಮೇಲಿನಿಂದ ಚಪ್ಪಲಿಯ ಸದ್ದು ಒಂದು ಮೆಟ್ಟಿಲು ಕೆಳಗಿಳಿಯಿತು.

“ಬಚ್ಚಲಲ್ಲಿದ್ದಾಳೆ ಕಣೋ, ಬರ್ತಾಳೆ!” ಅತ್ತೆ ಕೂಗಿದರು. ಇಷ್ಟು ವರ್ಷದಲ್ಲಿ ಸೊಸೆಗಾಗಿ ಅವರು ಹೇಳಿದ ಮೊದಲ ಸುಳ್ಳು ಅದು.

ದೊಡ್ಡಕ್ಕ ಫೋನನ್ನು ಅತ್ತೆಯ ಮಡಿಲಲ್ಲಿಟ್ಟಳು. ಅದರಲ್ಲೂ ಅದೇ ಖಾತೆ; ಜೊತೆಗಿದ್ದರೆ ತಾನೆಲ್ಲಿದ್ದೇನೆಂದು ಅವನಿಗೆ ಕಾಣುತ್ತದೆ. “ನೀವೂ ಬನ್ನಿ,” ಎಂದು ಕೈ ಹಿಡಿದೆಳೆದಳು. ಮುದುಕಿ ತಮ್ಮ ಊದಿದ ಮಂಡಿಗಳತ್ತ ಕಣ್ಣು ಹಾಯಿಸಿ ಆಗದೆಂದು ತಲೆಯಾಡಿಸಿದರು, ಬಾಗಿಲ ಕಡೆ ಅವಳನ್ನು ತಳ್ಳಿದರು.

ಬರಿಗಾಲಲ್ಲಿ, ನೋಟ್ ಪುಸ್ತಕವನ್ನು ಎದೆಗವಚಿಕೊಂಡು ಅವಳು ಗೋಡೆಗಂಟಿ ನಡೆದಳು. ತಲೆಯೆತ್ತಿದರೆ ಅವನ ಕಣ್ಣಿಗೆ ಬೀಳುತ್ತೇನೆಂದು ತಲೆಯೆತ್ತಲಿಲ್ಲ. ಲೈಬ್ರರಿಗೆ ಹತ್ತು ನಿಮಿಷದ ದಾರಿ. ತಾರೀಕು, ಪುಟ, ಕಾಲಂ. ಒಣಗದ ಬಟ್ಟೆ. ಮರೆಯಬಾರದು.

ಬೀದಿಯ ತಿರುವಿಗೆ ಬರುವಷ್ಟರಲ್ಲಿ ಹಿಂದೆ, ಮನೆಯೊಳಗೆ, ಅವಳ ಫೋನು ಹೊಡೆದುಕೊಳ್ಳತೊಡಗಿತು. ಹೊಡೆದುಕೊಂಡಿತು, ಹೊಡೆದುಕೊಂಡಿತು, ಮತ್ತೆ ಥಟ್ಟನೆ ನಿಂತಿತು.

ಫೋನು ಎತ್ತುವುದಾಗಲೀ ನಿಲ್ಲಿಸುವುದಾಗಲೀ ಹೇಗೆಂದು ಅತ್ತೆಗೆ ಗೊತ್ತಿರಲಿಲ್ಲ.

ಅವಳು ಓಡಿದಳು.