ಕನ್ನಡಕದವರ ಕಣ್ಣಿನ ಎತ್ತರ

ಯಾರೇ ಎದುರಾಗಲಿ, ಕನ್ನಡಕದಂಗಡಿಯ ಯಜಮಾನರು ಮೊದಲು ನೋಡುತ್ತಿದ್ದುದು ಅವರ ಎರಡು ಕಣ್ಣುಗಳ ನಡುವಿನ ಅಂತರವನ್ನು. ತಲೆಯನ್ನು ಕೋಳಿಯ ಹಾಗೆ ತುಸು ವಾಲಿಸಿ, ಒಂದು ಹೆಜ್ಜೆ ಹಿಂದೆ ಸರಿದು, ನಮಸ್ಕಾರ ಹೇಳುವ ಮೊದಲೇ ಎದುರಿನವರ ಮೂಗಿನ ಬುಡದ ಮೇಲೆ ದೃಷ್ಟಿ ನೆಟ್ಟುಬಿಡುತ್ತಿದ್ದರು. ಹೊಸಬರು ಗಾಬರಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಬೀದಿಯವರು ಅವರಿಗೆ ಇಟ್ಟ ಅಡ್ಡಹೆಸರು ಮಿಲಿಮೀಟರು. ಅದು ಅವರ ಕಿವಿಗೂ ಬಿದ್ದಿತ್ತು. ಬಿದ್ದಾಗ ಒಳಗೊಳಗೇ ಹಿಗ್ಗುತ್ತಿದ್ದರು.

ಅವರು ಸದಾ ತೊಡುತ್ತಿದ್ದ ಬಿಳಿ ಕೋಟಿನ ಎದೆಜೇಬು ಪುಟ್ಟ ಟಾರ್ಚಿನ ಭಾರಕ್ಕೆ ಜೋತುಬಿದ್ದಿತ್ತು. ಮಾತಿಗೂ ಅಂಗಡಿಯ ವಾಸನೆ ಹತ್ತಿತ್ತು. ಕುರ್ಚಿಯಲ್ಲಿ ಕೂತವರ ಕಣ್ಣಿನ ಮುಂದೆ ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣುತ್ತೋ, ಇದೋ?" ಎಂದು ಕೇಳುವ ಅಭ್ಯಾಸ ಮನೆಯ ಪರದೆ, ಪೇಟೆಯ ಟೊಮೆಟೊ, ನೆಂಟರ ಮಗುವಿನ ಹೆಸರಿನವರೆಗೂ ಹಬ್ಬಿತ್ತು. ಒಂದು ವಿಷಯದಲ್ಲಿ ಮಾತ್ರ ಅವರು ಯಾರಿಗೂ ಆಯ್ಕೆ ಕೊಡುತ್ತಿರಲಿಲ್ಲ: ಅಳತೆ ತೆಗೆಯದೆ ಅವರ ಅಂಗಡಿಯಿಂದ ಒಂದು ಕನ್ನಡಕವೂ ಹೊರಗೆ ಹೋಗುತ್ತಿರಲಿಲ್ಲ. ಅವಸರದ ಗಿರಾಕಿಯೊಬ್ಬ "ನಮ್ಮಣ್ಣಂದೇ ನಂಬರ್ ಹಾಕಿಕೊಡಿ ಸಾರ್" ಎಂದಾಗ, "ನಿಮ್ಮಣ್ಣನ ಕನ್ನಡಕ ಹಾಕ್ಕೊಂಡ್ರೆ ನಿಮಗೆ ನಿಮ್ಮಣ್ಣನ ತಲೆನೋವು ಬರುತ್ತೆ, ಅಷ್ಟೆ. ಕೂತ್ಕೊಳ್ಳಿ" ಎಂದು ಅವನನ್ನು ಕೂರಿಸಿಯೇ ಬಿಟ್ಟಿದ್ದರು.

ಇಂಥ ಮೆತ್ತನೆಯ ಮನುಷ್ಯನಿಗೆ ಒಂದು ಒರಟು ಆಸೆಯಿತ್ತು. ಏರುದಾರಿಯಲ್ಲಿ ಲಾರಿಗಳನ್ನು ಹಿಂದೆ ಹಾಕಬೇಕು. ಅವರ ಹಳೆಯ ಪುಟ್ಟ ಕಾರು ಏರು ಬಂದರೆ ಏದುಸಿರು ಬಿಡುತ್ತಿತ್ತು. ಐವತ್ತರ ಹೊಸ್ತಿಲಲ್ಲಿ, ಮಕ್ಕಳು ಓದು ಮುಗಿಸಿ ಬೇರೆ ಊರು ಸೇರಿದ ಮೇಲೆ, ಅವರು ಗ್ಯಾರೇಜಿನ ಮೇಸ್ತ್ರಿಯನ್ನು ಹಿಡಿದು ಅದರ ಇಂಜಿನ್ನಿಗೆ ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಕೂರಿಸಿದರು. ಮೇಸ್ತ್ರಿ ಕೆಲಸ ಒಪ್ಪುವಾಗಲೇ ಎಚ್ಚರಿಸಿದ್ದ: "ಇನ್ಮೇಲೆ ಇದು ಮೊದಲಿನ ಗಾಡಿ ಅಲ್ಲ ಸಾರ್. ಆಯಿಲ್ ಪ್ರೆಶರ್ ಮೇಲೆ ಕಣ್ಣಿಟ್ಟಿರಬೇಕು. ಒಳ್ಳೆ ಡಿಜಿಟಲ್ ಮೀಟರ್ ಹಾಕ್ಕೊಳ್ಳಿ."

ಕಣ್ಣಿಡುವುದು ಎಂದರೆ ಅವರ ಕಸುಬಲ್ಲವೇ! ಟರ್ಬೊದ ಗಾಳಿಯ ಒತ್ತಡ, ಎಣ್ಣೆಯ ಒತ್ತಡ, ಎಣ್ಣೆಯ ಬಿಸಿ, ಈ ಮೂರನ್ನು ತೋರಿಸುವ ಮೀಟರುಗಳನ್ನು ಬೇರೆಬೇರೆ ಅಂಗಡಿಗಳಿಂದ ಮಾದರಿಗೆಂದು ತಂದು, ಕಣ್ಣು ಪರೀಕ್ಷಿಸುವ ಕೋಣೆಯಲ್ಲಿ ಅಕ್ಷರದ ಹಲಗೆಯ ಕೆಳಗೆ ಸಾಲಾಗಿ ಜೋಡಿಸಿದರು. ದೀಪ ತಗ್ಗಿಸಿ ನೋಡಿದರು, ಕಿಟಕಿ ತೆರೆದು ಬಿಸಿಲು ಬಿಟ್ಟು ನೋಡಿದರು, ಒಂದು ಕಣ್ಣು ಮುಚ್ಚಿ ನೋಡಿದರು. ಆರಕ್ಕೂ ಎಂಟಕ್ಕೂ ವ್ಯತ್ಯಾಸ ಗೊತ್ತಾಗದ ಮೀಟರು ಮೊದಲು ಹೊರಗೆ ಹೋಯಿತು. ನೀಲಿ ಅಂಕಿಗಳದ್ದು ಕತ್ತಲೆಯಲ್ಲಿ ಅಂಚು ಕಲಸಿದಂತೆ ಕಾಣುತ್ತದೆಂದು ಅದೂ ಹೋಯಿತು. ಕೆಂಪಗೆ ಮಿನುಗುವುದು ಸಂಜೆಯ ಹೊತ್ತು ಕಣ್ಣಿಗೆ ಕಿರಿಕಿರಿಯೆಂದು ತೀರ್ಪಾಯಿತು. ಪರೀಕ್ಷೆಗೆ ಬಂದ ಗಿರಾಕಿಗಳನ್ನೂ ಬಿಡಲಿಲ್ಲ. ಅಜ್ಜಿಯೊಬ್ಬರು ಕೆಳಗಿನ ಸಾಲನ್ನು ಓದಿ, "ಇದು ನನ್ನ ಸಕ್ಕರೆ ಎಷ್ಟಿದೆ ಅಂತಾನೂ ತೋರಿಸುತ್ತೇನಪ್ಪಾ?" ಎಂದು ಕೇಳಿದಾಗ ಕಾಯುತ್ತಿದ್ದವರೆಲ್ಲ ನಕ್ಕರು, ಅವರೂ ನಕ್ಕರು. ಕಡೆಗೆ ಗೆದ್ದದ್ದು ಮಿನುಗದ, ಚೀರದ, ತಿಳಿಹಸಿರು ಅಂಕಿಗಳ ಮೂರು ಮೀಟರು. ಒತ್ತಡ ಇಳಿದರೆ ಕೂಗುವ ಗಂಟೆಯನ್ನು ಜೋಡಿಸಲು ಮೇಸ್ತ್ರಿ ಹೊರಟಾಗ, "ಕೂಗೋದು ಬೇಡ. ಕಾಣೋ ಹಾಗಿದ್ರೆ ಸಾಕು" ಎಂದರು. ಹೊಸ ಸೆನ್ಸರಿಗೆ ಜಾಗ ಬೇಕಾಗಿ, ಎಣ್ಣೆಯ ಒತ್ತಡ ಬಿದ್ದರೆ ಹೊತ್ತಿಕೊಳ್ಳುತ್ತಿದ್ದ ಹಳೆಯ ಕೆಂಪು ದೀಪದ ಸ್ವಿಚ್ಚನ್ನೂ ತೆಗೆಸಿದರು. ಆಮೇಲೆ ಒಂದು ಇಡೀ ಮಧ್ಯಾಹ್ನ ಚಾಲಕನ ಸೀಟಿನಲ್ಲಿ ಕೂತು, ಕಣ್ಣಿನಿಂದ ನೂಲು ಎಳೆದು ಕೋನ ಗುರುತಿಸಿ, ಮೂರನ್ನೂ ಸ್ಟೇರಿಂಗಿನ ಹಿಂದೆ ಕೂರಿಸಿದರು.

ಆ ಕಾರನ್ನು ದಿನವೂ ಓಡಿಸುತ್ತಿದ್ದವರು ಅವರ ಹೆಂಡತಿ. ಅಂಗಡಿ ಮನೆಯ ಕೆಳಗೇ ಇತ್ತು; ಮಕ್ಕಳ ಗ್ರಂಥಾಲಯ ನಡೆಸುತ್ತಿದ್ದ ಆಕೆಗೆ ಊರಾಚೆಯ ಗುಡ್ಡ ಹತ್ತಿ ಇಳಿಯಬೇಕಿತ್ತು. ಆಕೆ ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ, ಮನೆಯವರೆಲ್ಲ ಬೇಡವೆಂದರೂ ಹಟ ಹಿಡಿದು, ಪರೀಕ್ಷೆಯಲ್ಲಿ ಎರಡು ಸಲ ಸೋತು. ಲೈಸೆನ್ಸ್ ಬಂದ ದಿನ ಅದನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿ ಎಷ್ಟೋ ಹೊತ್ತು ನೋಡುತ್ತ ನಿಂತಿದ್ದರು. ಆಕೆ ಕುಳ್ಳಗಿದ್ದರು; ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು ಸ್ಟೇರಿಂಗನ್ನು ಅಪ್ಪಿಕೊಂಡ ಹಾಗೆ ಕೂರುತ್ತಿದ್ದರು.

ಒಂದು ಬೆಳಿಗ್ಗೆ ಗುಡ್ಡದ ಏರಿನಲ್ಲಿ ಟರ್ಬೊಗೆ ಎಣ್ಣೆ ಕೊಡುವ ಕೊಳವೆ ಸಡಿಲಾಯಿತು. ಎಣ್ಣೆ ರಸ್ತೆಗೆ ಚೆಲ್ಲುತ್ತ ಹೋಯಿತು. ಇಂಜಿನ್ನಿನಿಂದ ಕಟಕಟ ಸದ್ದು ಕೇಳಿದ ಕೂಡಲೇ ಆಕೆ ಕಾರನ್ನು ಬದಿಗೆ ತಂದು ಆರಿಸಿದರು. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಗ್ಯಾರೇಜಿನಲ್ಲಿ ಮೇಸ್ತ್ರಿ ಇಂಜಿನ್ ಬಿಚ್ಚಿ, ಸವೆದು ಸುಟ್ಟ ಬೇರಿಂಗುಗಳನ್ನು ಹಳೆಯ ಬಟ್ಟೆಯ ಮೇಲೆ ಹರಡಿ, "ಪ್ರೆಶರ್ ಮೊದಲೇ ಬಿದ್ದಿರುತ್ತೆ. ಮೀಟರಲ್ಲಿ ಕಾಣಲಿಲ್ವಾ ಸಾರ್?" ಎಂದು ಕೇಳಿದ. ಆಕೆ ಪಕ್ಕದಲ್ಲೇ ನಿಂತಿದ್ದರು. ಆಕೆಯ ತಮ್ಮನೂ ಜೊತೆಗೆ ಬಂದಿದ್ದ.

"ಮೀಟರ್ ಕಣ್ಮುಂದೇನೇ ಇತ್ತು," ಎಂದರು ಕನ್ನಡಕದವರು. "ನೋಡೋರು ನೋಡಬೇಕಲ್ಲ."

ತಮ್ಮ ಹೋ ಎಂದು ನಕ್ಕ. "ನಮ್ಮಕ್ಕ ರಸ್ತೆ ನೋಡೋದೇ ದೊಡ್ಡದು ಭಾವ! ಇನ್ನು ಮೀಟರೂ ನೋಡು ಅಂದ್ರೆ ಹೆಂಗೆ?" ಮೇಸ್ತ್ರಿ ನಕ್ಕ. ಆಕೆ ಕೈಚೀಲದಿಂದ ಕಾರಿನ ಕೀ ತೆಗೆದು ಬೇರಿಂಗುಗಳ ಪಕ್ಕದಲ್ಲಿಟ್ಟರು. ಮರುದಿನದಿಂದ ಬಸ್ಸಿನಲ್ಲಿ ಹೋಗತೊಡಗಿದರು. ತಮ್ಮನ ಮಾತು ಮನೆಯಿಂದ ಮನೆಗೆ ಹಾರಿತು.

ಮುಂದಿನ ವಾರ ಮೀಟರುಗಳನ್ನು ಬಿಚ್ಚಿಕೊಂಡು ಬರಲು ಅವರು ಗ್ಯಾರೇಜಿಗೆ ಹೋದರು. ಸೀಟು ಆಕೆ ಬಿಟ್ಟ ಹಾಗೆಯೇ ಮುಂದಕ್ಕಿತ್ತು. ಹಿಂದೆ ಸರಿಸಲು ಹೋದರೆ ಹಳಿ ಸಿಕ್ಕಿಕೊಂಡಿತ್ತು. ಮಂಡಿ ಮಡಚಿ, ಬೆನ್ನು ಕುಗ್ಗಿಸಿ, ಹೇಗೋ ತೂರಿ ಕೂತರು. ಸ್ಕ್ರೂ ಕಾಣಲೆಂದು ತಲೆ ತಗ್ಗಿಸಿದರು. ಅಲ್ಲಿಗೆ ಅವರ ಕಣ್ಣು ಆಕೆಯ ಕಣ್ಣಿರುತ್ತಿದ್ದ ಮಟ್ಟಕ್ಕೆ ಇಳಿದಿತ್ತು. ಸ್ಟೇರಿಂಗಿನ ದಪ್ಪ ಅಂಚು ಮೂರು ಮೀಟರುಗಳನ್ನೂ ಅಡ್ಡವಾಗಿ ನುಂಗಿತ್ತು. ಎಣ್ಣೆಯ ಒತ್ತಡದ ಜಾಗದಲ್ಲಿ ಕಾಣುತ್ತಿದ್ದುದು ಕಪ್ಪು ಪ್ಲಾಸ್ಟಿಕ್ಕು ಮಾತ್ರ. ಊರಿನ ಪ್ರತಿಯೊಬ್ಬರ ಕಣ್ಣಿನ ಅಳತೆ ತೆಗೆದ ಮನುಷ್ಯ ಇಪ್ಪತ್ತೈದು ವರ್ಷ ಜೊತೆಗಿದ್ದವಳ ಕಣ್ಣಿನ ಎತ್ತರ ಕೇಳಿರಲಿಲ್ಲ. ಕಿವಿಯ ತುದಿ ಬಿಸಿಯಾಯಿತು. ಮೇಸ್ತ್ರಿ ದೂರದಿಂದ "ಸಿಕ್ತಾ ಸಾರ್?" ಎಂದು ಕೂಗಿದಾಗ, ತಲೆ ಎತ್ತದೆ ಸ್ಕ್ರೂ ಬಿಚ್ಚತೊಡಗಿದರು.

ಮನೆಯಲ್ಲಿ ಆಕೆ ಬಟ್ಟೆ ಮಡಚುತ್ತಿದ್ದರು. ಇವರು ಬಾಗಿಲ ಬಳಿಯೇ ನಿಂತು, "ಅಲ್ಲಿಂದ ನಿನಗೆ ಮೀಟರ್ ಕಾಣ್ತಾ ಇರಲಿಲ್ಲ, ಅಲ್ವಾ?" ಎಂದರು.

"ಹಾಕಿಸಿದ ದಿನವೇ ಹೇಳಿದ್ನಲ್ಲ."

"ಯಾವಾಗ?"

"ನೀವು ಮೀಟರ್ ಫೋಟೊ ತೆಗೀತಾ ಇದ್ರಿ. 'ನನಗೆ ಕಾಣಲ್ಲರೀ' ಅಂದೆ. 'ದಿಂಬು ಹಾಕ್ಕೊಂಡು ಕೂತ್ಕೋ' ಅಂದ್ರಿ. ದಿಂಬು ಹಾಕ್ಕೊಂಡ್ರೆ ಕಾಲು ಎಟುಕಲ್ಲ." ಆಕೆ ದನಿ ಏರಿಸಲಿಲ್ಲ. ಇನ್ನೊಂದು ಬಟ್ಟೆ ಕೈಗೆತ್ತಿಕೊಂಡರು. ಅವರಿಗೆ ಆ ಮಾತು ನೆನಪೇ ಇರಲಿಲ್ಲ. ಆಡಿದ್ದಕ್ಕಿಂತ ಮರೆತದ್ದು ಹೆಚ್ಚು ನಾಚಿಕೆಯದಾಗಿ ತೋರಿತು.

ತಪ್ಪು ಒಪ್ಪಿಕೊಂಡರೆ ಭಾರ ಇಳಿಯುತ್ತದೆಂದು ಅವರು ನಂಬಿದ್ದರು. ಭಾನುವಾರ ಭಾವಮೈದುನನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ, ಅವನು ಮತ್ತೆ ಅಕ್ಕನ ಡ್ರೈವಿಂಗಿನ ಮಾತೆತ್ತಿದೊಡನೆ, ಕೈತುತ್ತನ್ನು ತಟ್ಟೆಗೆ ಬಿಟ್ಟು ಹೇಳಿದರು: "ಅದು ಇವಳ ತಪ್ಪಲ್ಲ. ಮೀಟರ್ ಆರಿಸಿದ್ದು ನಾನು, ಕಾಣದ ಕಡೆ ಹಾಕಿದ್ದು ನಾನು, ಗಂಟೆ ಬೇಡ ಅಂದಿದ್ದೂ ನಾನು. ಗ್ಯಾರೇಜಲ್ಲಿ ಆ ಮಾತು ಆಡಬಾರದಿತ್ತು."

ಅತ್ತೆಯವರ ಕಣ್ಣು ತುಂಬಿ ಬಂತು. "ನೋಡೇ, ಎಂಥ ಗಂಡ! ನೀನು ಮಾಡಿದ್ದನ್ನ ತನ್ನ ತಲೆ ಮೇಲೆ ಎಳ್ಕೊಂಡ." ಭಾವಮೈದುನ ಬೆನ್ನು ತಟ್ಟಿದ. "ಬಿಡಿ ಭಾವ, ನಮಗೇನು ಗೊತ್ತಾಗಲ್ವಾ?"

"ಇಲ್ಲ, ಕೇಳಿ, ಸ್ಟೇರಿಂಗ್ ಅಡ್ಡ ಬರುತ್ತೆ..." ಎಂದು ಅವರು ಬೆರಳಲ್ಲಿ ಗಾಳಿಯಲ್ಲಿ ವೃತ್ತ ಬಿಡಿಸಿದರು. ವಿವರಿಸಿದಷ್ಟೂ ಮೆಚ್ಚುಗೆ ಹೆಚ್ಚಾಯಿತು. ಮುಂದಿನ ದಿನಗಳಲ್ಲಿ ಗಿರಾಕಿಗಳಿಗೆ ಹೇಳಿದರು, ನೆರೆಯವರಿಗೆ ಹೇಳಿದರು, ಗ್ರಂಥಾಲಯದ ಜವಾನನಿಗೂ ಹೇಳಿದರು. ಎಲ್ಲೆಡೆ ಅದೇ ನಗು, ಅದೇ ಹೊಗಳಿಕೆ. ಆಕೆಯ ಹೆಸರಿಗೆ ಅಂಟಿದ ಎಣ್ಣೆಯ ಕಲೆ ಎಳ್ಳಷ್ಟೂ ಹೋಗಲಿಲ್ಲ; ಇವರ ಕೋಟು ಮಾತ್ರ ಇನ್ನಷ್ಟು ಬೆಳ್ಳಗಾಯಿತು. ಒಂದು ಸಂಜೆ ಆಕೆಯೇ ತಡೆದರು.

"ಸಾಕು ಮಾಡಿ. ನೀವು ಹೇಳಿದಷ್ಟೂ ನೀವೇ ದೊಡ್ಡೋರಾಗ್ತೀರಿ."

"ಮತ್ತೇನು ಮಾಡ್ಲಿ?"

"ಗಾಡಿ ರಿಪೇರಿ ಮಾಡಿಸಿ. ಟರ್ಬೊ ಇರ್ಲಿ, ಏರಲ್ಲಿ ನನಗೂ ಬೇಕು. ಗಂಟೆ ಹಾಕಿಸಿ. ಮೀಟರ್ ಎಲ್ಲಿರಬೇಕು ಅಂತ ನಾನು ಹೇಳ್ತೀನಿ. ನೀವು ಹಿಡ್ಕೊಂಡು ನಿಂತಿರಿ, ಸುಮ್ಮನೆ."

ಹಾಗೆಯೇ ಆಯಿತು. ಆಕೆ ಸೀಟಿನಲ್ಲಿ ಕೂತು "ಇನ್ನೂ ಮೇಲೆ, ಬಾಗಿಲ ಕಡೆಗೆ, ಹಾಂ" ಎನ್ನುತ್ತ ಹೋದರು. ಅವರು ಬಗ್ಗಿ ಹಿಡಿದೇ ಇದ್ದರು. ಮೊದಲ ದಿನ ಗುಡ್ಡ ಹತ್ತುವಾಗ ಅವರು ಪಕ್ಕದ ಸೀಟಿನಲ್ಲಿದ್ದರು. ಅಲ್ಲಿಂದ ಅಂಕಿ ಒಂದೂ ಕಾಣುತ್ತಿರಲಿಲ್ಲ. ಮುಂದೆ ಲಾರಿಯೊಂದು ಹೊಗೆಯುಗುಳುತ್ತ ತೆವಳುತ್ತಿತ್ತು. "ಪ್ರೆಶರ್ ಎಷ್ಟಿದೆ?" ಎಂದು ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿಕೊಂಡರು. ಆಕೆ ಮೀಟರು ನೋಡಿದರು, ಕನ್ನಡಿ ನೋಡಿದರು, ಗೇರು ಬದಲಿಸಿ ಲಾರಿಯನ್ನು ದಾಟಿಸಿದರು. ಲಾರಿಯ ಕಿಟಕಿಯಿಂದ ಯಾರೋ ಇಣುಕಿ ನೋಡಿದರು. ಕನ್ನಡಕದವರು ತಲೆ ತಗ್ಗಿಸಿದರು.

ಇಂಥವರು ಪ್ರತಿ ಬೀದಿಯಲ್ಲೂ ಇದ್ದಾರೆ. ಕೆಲಸದಲ್ಲಿ ಕೂದಲು ಸೀಳುವವರು, ಗಿರಾಕಿಯ ಮುಂದೆ ತಾಳ್ಮೆಯ ಮೂರ್ತಿಗಳು. ಮನೆಯ ಮೆಟ್ಟಿಲು ಹತ್ತುವಾಗ ಆ ಎಚ್ಚರವನ್ನು ಅಂಗಡಿಯ ಮೊಳೆಗೆ ತೂಗುಹಾಕಿ ಬರುತ್ತಾರೆ. ಕೆಟ್ಟವರಲ್ಲ, ಅದೇ ಅವರ ಕಷ್ಟ. ಕೆಟ್ಟವನ ತಪ್ಪನ್ನು ಲೋಕ ತಟ್ಟನೆ ನಂಬುತ್ತದೆ, ಒಳ್ಳೆಯವನ ತಪ್ಪನ್ನು ಅವನೇ ಕೂಗಿ ಹೇಳಿದರೂ ಅವನ ಪುಣ್ಯದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಹಾಗಾಗಿ ಅವರ ನಾಚಿಕೆಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಅವರ ಜೊತೆಗೇ, ಪಕ್ಕದ ಸೀಟಿನಲ್ಲಿ, ಮಾತಿಲ್ಲದೆ ಕೂತು ಗುಡ್ಡ ಹತ್ತುತ್ತದೆ.