ಅಲಿ ಕುಂಞಿಯ ಕುರ್ಚಿ

ಕೊಯಿಲದ ಸಂಕಪ್ಪನವರ ಜಗಲಿಯಲ್ಲಿ ಅಲಿ ಕುಂಞಿಗೆಂದೇ ಒಂದು ಕೈ ಮುರಿದ ಕುರ್ಚಿ ಇತ್ತು. ಅವನು ಎದ್ದು ಹೋದ ಮೇಲೆ ಸಂಕಪ್ಪನವರ ಹೆಂಡತಿ ಮೋಹಿನಿ ಅದಕ್ಕೊಂದು ಚೆಂಬು ನೀರು ಹೊಯ್ಯಬೇಕು, ಯಜಮಾನರ ಅಪ್ಪಣೆ. ಕ್ಷಯ ಇದ್ದದ್ದು ಸಂಕಪ್ಪನವರಿಗೆ, ತೊಳೆಯುತ್ತಿದ್ದದ್ದು ಅಲಿ ಕುಂಞಿ ಕೂತ ಕುರ್ಚಿಯನ್ನು. ಮರ್ಯಾದಸ್ಥರ ಲೆಕ್ಕಾಚಾರ ಹೀಗೇ.

ಅಲಿ ಕುಂಞಿ ಜಗಳದಲ್ಲಿ ಒಬ್ಬನನ್ನು ಇರಿದು ಎಂಟು ವರ್ಷ ಜೈಲಿನಲ್ಲಿದ್ದವನು. ಅಲ್ಲೇ ಕ್ಷಯ ಹಿಡಿದು, ಗುಣವಾಗಿ, ಉಳಿದ ಕೈದಿಗಳಿಗೆ ಮಾತ್ರೆ ನುಂಗಿಸುವ ಕೆಲಸ ಕಲಿತ. ಈಗ ಒಂದು ಸಂಸ್ಥೆಯ ಪರವಾಗಿ ಕಡಬದ ಸುತ್ತಮುತ್ತ ಅದೇ ಕೆಲಸ; ಸಂಕಪ್ಪನವರಿಗೆ ದಿನವೂ ಮಾತ್ರೆ ತರುತ್ತಿದ್ದವನೂ ಅವನೇ. ಜೈಲಿನಿಂದ ಬಿಡುಗಡೆಯಾಗುವ ರೋಗಿಯ ಕೈಗೆ ತಿಂಗಳ ಮಾತ್ರೆ ಕೊಟ್ಟೇ ಕಳಿಸಬೇಕೆಂಬ ಮನವಿಗೆ ಊರೂರು ಸಹಿ ಕೇಳುತ್ತಿದ್ದ. ಪಂಚಾಯತ್ ಅಧ್ಯಕ್ಷರಾಗಿದ್ದ ಸಂಕಪ್ಪನವರು ಕಾಗದವನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ತಳ್ಳಿದ್ದರು.

"ಕಳ್ಳರಿಗೆ ಮದ್ದು ಎಂತಕ್ಕೆ ಮಾರಾಯ? ಸಾಯಲಿ."

ಮಾತ್ರೆ ಶುರುವಾಗಿ ಎರಡು ತಿಂಗಳಾದರೂ ಸಂಕಪ್ಪನವರ ಕಫದಲ್ಲಿ ರೋಗ ಹಾಗೇ ಉಳಿಯಿತು. ಕುಣಿಯಲು ಬಾರದವರಿಗೆ ನೆಲ ಡೊಂಕು. ಜೈಲಿನವನು ಮಾತ್ರೆ ಬದಲಿಸಿದ್ದಾನೆ, ದೂರು ಕೊಟ್ಟು ಕೆಲಸದಿಂದ ತೆಗೆಸುತ್ತೇನೆ ಎಂದು ಹಾರಾಡಿದರು. ಅಲಿ ಕುಂಞಿ ಅಂದಿನ ಮಾತ್ರೆ ಕೊಟ್ಟು, ನುಂಗಿದ ಮೇಲೆ ಬಾಯಿ ತೆರೆದು ನಾಲಗೆ ಎತ್ತಲು ಹೇಳಿದ. ಜೈಲಿನಲ್ಲಿ ಅದು ದಿನದ ಪದ್ಧತಿ; ಇಲ್ಲಿ ಈವರೆಗೆ ಕೇಳಿರಲಿಲ್ಲ.

"ನಾನೆಂತ ಕೈದಿಯಾ?"

"ಅಲ್ಲ ಸಂಕಪ್ಪಣ್ಣ. ಕೈದಿಗಳಾದರೆ ಎತ್ತುತ್ತಾರೆ."

ಸಂಕಪ್ಪನವರ ಒಂದು ಕೆನ್ನೆ ಉಬ್ಬಿಕೊಂಡೇ ಇತ್ತು. ಜೈಲಿನವನ ಕೈಯಿಂದ ಬಂದದ್ದು ಇಷ್ಟು ದಿನವೂ ಅವರ ಗಂಟಲು ಇಳಿದಿರಲಿಲ್ಲ; ಅವನು ಗೇಟು ದಾಟಿದ ಕೂಡಲೇ ಮಲ್ಲಿಗೆ ಬುಡಕ್ಕೆ ಉಗಿಯುತ್ತಿದ್ದರು.

"ನಾನೂ ಹೀಗೇ ಉಗಿದವನು," ಅಲಿ ಕುಂಞಿ ಮೆಲ್ಲಗೆ ಹೇಳಿದ. "ನನ್ನಿಂದ ಪಕ್ಕದಲ್ಲಿ ಮಲಗುತ್ತಿದ್ದವನಿಗೆ ಹಿಡಿಯಿತು, ಅವ ಸತ್ತ. ಇರಿದದ್ದಕ್ಕೆ ನನಗೆ ಶಿಕ್ಷೆ ಆಯ್ತು. ಇದಕ್ಕೆ ಆಗಲೇ ಇಲ್ಲ."

ಒಳಗೆ ಮೊಮ್ಮಗಳು ಪ್ರೀತಿಕಾ ಕೆಮ್ಮಿದಳು. ಸಣ್ಣ ಕೆಮ್ಮು. ದಿನವೂ ಅಜ್ಜನ ಮಗ್ಗುಲಲ್ಲೇ ಮಲಗುವ ಮಗು ಅದು.

ಸಂಕಪ್ಪನವರ ಮುಖ ಬಿಳಚಿಕೊಂಡಿತು. ಮಗುವಿಗೆ ನಾಳೆಯೇ ಪರೀಕ್ಷೆ ಮಾಡಿಸುವ ಎಂದು ಅಲಿ ಕುಂಞಿ ಹೇಳಿದ್ದಕ್ಕೆ ತಲೆಯಾಡಿಸಿದರು. ಕುರ್ಚಿ ತೊಳೆಯಲೆಂದು ಮೋಹಿನಿ ಆಗಲೇ ಚೆಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸಂಕಪ್ಪನವರು ಕೈ ಚಾಚಿ ಆ ಚೆಂಬು ತೆಗೆದುಕೊಂಡರು. ಅದರ ನೀರಿನಲ್ಲೇ ಕೆನ್ನೆಯಲ್ಲಿದ್ದ ಮಾತ್ರೆ ನುಂಗಿ, ಅಲಿ ಕುಂಞಿಯ ಎದುರು ಬಾಯಿ ತೆರೆದು, ನಾಲಗೆ ಎತ್ತಿ ತೋರಿಸಿದರು.