ಟೈಲರಮ್ಮನ ಮಗನ ಪಟ

ಉಗುರಿನ ಸಂದಿಯ ನೀಲಿ ಬಣ್ಣ ಏನು ಮಾಡಿದರೂ ಹೋಗುತ್ತಿರಲಿಲ್ಲ. ಮಗಳು ಹಳೆಯ ಬನಿಯನ್ನಿನ ಚೂರನ್ನು ಟರ್ಪಂಟೈನಿನಲ್ಲಿ ಅದ್ದಿ, ಅಪ್ಪನ ಬಲಗೈಯ ಒಂದೊಂದೇ ಬೆರಳನ್ನು ಹಿಡಿದು ತಿಕ್ಕುತ್ತಿದ್ದಳು. ಕೈ ಆಗಲೇ ಮರದ ಹಾಗೆ ಬಿಗಿದಿತ್ತು.

"ಇರಲಿ ಬಿಡೇ," ಎಂದಳು ಬಾಗಿಲ ಬಳಿ ಕೂತಿದ್ದ ಅತ್ತೆ. ಅಪ್ಪನಿಗೆ ಅವಳೊಬ್ಬಳೇ ತಂಗಿ. "ಬದುಕಿದ್ದಾಗ ಊಟಕ್ಕೆ ಮುಂಚೆ ಕೈ ತೊಳಿಯೋ ಅಂದ್ರೆ ಕಿವಿಗೆ ಹಾಕ್ಕೊಂಡವನಲ್ಲ. ಈಗ ತೊಳೆಸ್ಕೊಳ್ತಾನಾ?"

"ಜನ ಬರೋ ಹೊತ್ತು ಅತ್ತೆ. ನೋಡಿದವರು ಏನಂದ್ಕೋತಾರೆ."

"ಪಟದ ಮಾಮ ಅಂದ್ಕೋತಾರೆ. ಇನ್ನೇನಂದ್ಕೋತಾರೆ."

ಅದೂ ನಿಜವೇ. ಅರ್ಧ ಊರಿನ ಗೋಡೆಗಳ ಮೇಲೆ ಅವನ ಕೈ ಇತ್ತು. ಶಾಲೆಯ ಗುಂಪು ಫೋಟೋ, ಮದುವೆಯ ಫೋಟೋ, ಅಂಗಡಿಯ ಬೋರ್ಡು, ನಾಟಕದ ಪರದೆ, ಆಸ್ಪತ್ರೆಯ ಕಾಂಪೌಂಡಿನಲ್ಲಿ ಹಲ್ಲುಜ್ಜುವ ಮೊಲ. ಯಾರು ಏನು ಕೇಳಿದರೂ ಇಲ್ಲ ಎನ್ನದೆ ಐವತ್ತೆಂಟು ವರ್ಷ ಮಾಡಿಕೊಟ್ಟ ಮನುಷ್ಯ. ಸತ್ತಮೇಲೂ ಅವನನ್ನು ಮಲಗಿಸಿದ್ದು ಸ್ಟುಡಿಯೋದಲ್ಲೇ, ಏಕೆಂದರೆ ಹಿಂದಿನ ಎರಡು ಕೋಣೆಗಳ ಮನೆಯಲ್ಲಿ ನಾಲ್ಕು ಜನ ನಿಂತರೆ ಐದನೆಯವರಿಗೆ ಉಸಿರಾಡಲು ಜಾಗವಿರಲಿಲ್ಲ. ಮಂಚದ ಹಿಂದೆ ಅವನೇ ಬರೆದ ಪರದೆ ತೂಗುತ್ತಿತ್ತು. ಅಮೃತಶಿಲೆಯ ಮೆಟ್ಟಿಲು, ಹೂಕುಂಡ, ಆಚೆಗೊಂದು ಸರೋವರ. ನೋಡಲು ಬಂದವರು ಹೊಸ್ತಿಲು ದಾಟುವಾಗ ತಮಗೇ ಗೊತ್ತಿಲ್ಲದೆ ಕೂದಲು ಸರಿಮಾಡಿಕೊಳ್ಳುತ್ತಿದ್ದರು.

ಮಗಳ ಕಣ್ಣು ಮಾತ್ರ ಗಡಿಯಾರದ ಮೇಲೆ. ಎರಡು ಗಂಟೆಗೆ ಗಾಡಿ. ಅಷ್ಟರೊಳಗೆ ಟೈಲರಮ್ಮ ಬರಬೇಕು, ತಾನು ಅವಳಿಗೆ ಹೇಳಬೇಕು. ಮೊನ್ನೆ ಬೆಳಿಗ್ಗೆ, ಮಾತು ಪೂರ್ತಿ ನಿಂತುಹೋಗುವ ಮುಂಚೆ, ಅಪ್ಪ ಕೈ ಹಿಡಿದು ಕೇಳಿದ್ದು ಅದೊಂದನ್ನೇ.

"ಟೈಲರಮ್ಮಂಗೆ ಹೇಳಿಬಿಡು. ಅವತ್ತು ಅವಳ ಮಗನಿಗೆ ಹಿಂದೆ ಸರಿ ಅಂದಿದ್ದು ನಾನೇ ಅಂತ. ನನ್ನನ್ನ ಎತ್ತೋಕೆ ಮುಂಚೆ ಹೇಳು. ಇದನ್ನ ಹೊಟ್ಟೇಲಿಟ್ಕೊಂಡು ಮಣ್ಣಿಗೆ ಹೋಗಲಾರೆ."

"ನೀನೇ ಹೇಳಪ್ಪ, ಕರೆಸ್ತೀನಿ."

"ನಲವತ್ತು ವರ್ಷ ಆಗದ್ದು ಇವತ್ತು ಆಗುತ್ತಾ."

ಹೂಂ ಎಂದಿದ್ದಳು. ಹೂಂ ಎನ್ನುವುದಕ್ಕೇನು, ನಾಲಿಗೆ ಕೂಡ ಆಡಿಸಬೇಕಿಲ್ಲ. ಇವತ್ತು ಬೆಳಿಗ್ಗೆಯಿಂದ ಆ ಮಾತನ್ನು ಬಾಯೊಳಗೇ ಹತ್ತು ಸಲ ಹೇಳಿ ನೋಡಿದ್ದಳು. ಹತ್ತು ಸಲವೂ ನಡುವಿನಲ್ಲಿ ಎಲ್ಲೋ ಕಡಿದುಹೋಗುತ್ತಿತ್ತು.

"ಬೋರ್ಡಲ್ಲಿ ಬನ್ನು ಬರೀ ಮಾರಾಯ ಅಂದ್ರೆ ಆಮೆ ಬರೆದಿದ್ದ," ಎಂದ ಬೇಕರಿಯವನು, ಮೂಗೊರೆಸಿಕೊಳ್ಳುತ್ತ. ಅಪ್ಪನ ಹಳೆಯ ಜೊತೆಗಾರ. "ಇವತ್ತಿಗೂ ಮಕ್ಕಳು ಆಮೆ ಬೇಕರಿ ಅಂತಲೇ ಕರೆಯೋದು."

"ಅವನು ಇದ್ದದ್ದನ್ನ ಇದ್ದ ಹಾಗೇ ಬರೀತಿದ್ದ. ನಿನ್ನ ಬನ್ನೇ ಹಾಗಿತ್ತು," ಎಂದಳು ಅತ್ತೆ.

ಕೂತಿದ್ದವರು ನಕ್ಕರು. ನಗು ಬಂದದ್ದು ಬೇಕರಿಯವನಿಗೆ ಹುರುಪು ತಂದಿತು. "ಇನ್ನೊಂದು ಗಮನಿಸಿದೀರಾ? ಫೋಟೋ ತೆಗೆಯುವಾಗ ಯಾರಿಗೂ ಹಿಂದೆ ಸರೀರಿ ಅಂದವನಲ್ಲ ಈ ಮನುಷ್ಯ. ಕ್ಯಾಮೆರಾ ಹೊತ್ಕೊಂಡು ತಾನೇ ಹಿಂದೆ ಹೋಗ್ತಿದ್ದ. ನನ್ನ ಮಗಳ ಮದುವೇಲಿ ಹೋಗ್ತಾ ಹೋಗ್ತಾ ಚರಂಡಿಗೇ ಬಿದ್ದ. ಮೊಳಕಾಲವರೆಗೆ ಕೆಸರು. ಎದ್ದು ಬಾರೋ ಅಂದ್ರೆ ಇಲ್ಲ, ಇಲ್ಲಿಂದ ಎಲ್ಲರೂ ಕಾಣ್ತೀರಿ ಅಂತ ಅಲ್ಲಿಂದಲೇ ತೆಗೆದ. ಆ ಫೋಟೋದಲ್ಲಿ ಬೀಗರೆಲ್ಲ ಕೆಳಗೆ ನೋಡ್ತಿದಾರೆ."

"ಮರ್ಯಾದಸ್ಥ," ಎಂದರು ಯಾರೋ. "ಬಂದವರಿಗೆ ತೊಂದರೆ ಕೊಡಬಾರದು ಅಂತ."

ಮಗಳು ತಿಕ್ಕುವುದನ್ನು ನಿಲ್ಲಿಸಿದಳು. ಬಟ್ಟೆಯ ಚೂರನ್ನು ಅಲ್ಲೇ ಬಿಟ್ಟು ಎದ್ದು, ಕಿಟಕಿಯ ಬಳಿ ಹೋಗಿ ನಿಂತಳು.

*

ಅವಳಿಗಾಗ ಹತ್ತು ವರ್ಷ. ಶಾಲೆಯಲ್ಲಿ ಮಕ್ಕಳ ನಾಟಕ ಮುಗಿದ ಮಾರನೆಯ ದಿನ. ಬೆಳಕು ಚೆನ್ನಾಗಿದೆ, ಗುಂಪು ಫೋಟೋ ತಾರಸಿಯ ಮೇಲೆ ತೆಗೆಯೋಣ ಎಂದವನು ಅಪ್ಪನೇ. ಹೊಸದಾಗಿ ಕಟ್ಟುತ್ತಿದ್ದ ತಾರಸಿ ಅದು. ಹಿಂಬದಿಯ ಮೋಟುಗೋಡೆ ಅರ್ಧಕ್ಕೆ ಎದ್ದಿತ್ತು, ಉಳಿದರ್ಧ ಬಯಲು. ಮಕ್ಕಳನ್ನು ಮೂರು ಸಾಲಾಗಿ ನಿಲ್ಲಿಸಿ ಅಪ್ಪ ಮೂರು ಕಾಲಿನ ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹೊದ್ದುಕೊಂಡ. ಮೇಷ್ಟ್ರು ತಡವಾಗಿ ಬಂದವರನ್ನು ಕರೆಯಲು ಮೆಟ್ಟಿಲ ಕಡೆ ಹೋಗಿದ್ದರು. ಮಗಳು ಪಕ್ಕಕ್ಕೆ ನಿಂತು, ಮಕ್ಕಳ ಮುಖಕ್ಕೆ ಬೆಳಕು ಬೀಳಲೆಂದು ಬಿಳಿ ಬಟ್ಟೆಯೊಂದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಿದ್ದಳು.

ಹಿಂದಿನ ಸಾಲಿನ ತುದಿಯಲ್ಲಿ ನಿಂತವನು ಟೈಲರಮ್ಮನ ಒಬ್ಬನೇ ಮಗ, ಆರು ವರ್ಷದವನು. ಅವನ ಭುಜ ಪಕ್ಕದವಳನ್ನು ಮರೆಮಾಡುತ್ತಿತ್ತು.

"ತುದಿಯ ಪುಟ್ಟಾ, ಎರಡು ಹೆಜ್ಜೆ ಹಿಂದೆ ಸರಿ," ಎಂದಿತು ಕಪ್ಪು ಬಟ್ಟೆ.

ಅಪ್ಪ ಬಟ್ಟೆಯೊಳಗಿದ್ದಾಗ ಯಾರೂ ಮಾತಾಡಬಾರದು. ಅದು ಅವಳು ನಾಲ್ಕು ವರ್ಷದವಳಿದ್ದಾಗಿನಿಂದ ಕಲಿತ ಪಾಠ. ಹುಡುಗ ಮೊದಲ ಹೆಜ್ಜೆ ಇಟ್ಟ. ಹೇಳಿದ ಮಾತು ಕೇಳುವ ಹುಡುಗ, ಎರಡನೆಯದನ್ನೂ ಇಟ್ಟ.

ಆ ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಎಷ್ಟೋ ವರ್ಷಗಳ ಮೇಲೆ ಅಪ್ಪ ಒಮ್ಮೆ, ಒಮ್ಮೆ ಮಾತ್ರ, ಹೇಳಿದ್ದ. "ಅವನು ಬಿದ್ದ ಹಾಗೆ ಕಾಣಲೇ ಇಲ್ಲ ಕಣೇ. ಮೇಲಕ್ಕೆ ಹೋದ."

"ಓಡಾಡ್ತಾ ಜಾರಿದ," ಎಂದಿದ್ದ ಅಪ್ಪ ಓಡಿ ಬಂದ ಮೇಷ್ಟ್ರಿಗೆ. ಎರಡೇ ಮಾತು. ಊರೆಲ್ಲ ಅದನ್ನೇ ಹೇಳಿತು.

*

ಟೈಲರಮ್ಮ ಬಂದಾಗ ಒಂದು ಗಂಟೆ ಹೊಡೆದಿತ್ತು. ಎಪ್ಪತ್ತೈದು ದಾಟಿದರೂ ಬೆನ್ನು ಬಾಗದ ಹೆಂಗಸು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಹೊಲಿಗೆ ಬಿಟ್ಟು ಎದ್ದು ಬಂದಿರಬೇಕು. ಮಂಚದ ಬಳಿ ನಿಂತು ಅಪ್ಪನ ಮುಖವನ್ನು ನೋಡಲಿಲ್ಲ. ಮೊದಲು ಕೊರಳ ಕಡೆ ನೋಡಿದಳು.

"ಕಾಲರ್ ಒಳಗೆ ಮಡಚಿದೆ," ಎಂದು ಸರಿಪಡಿಸಿದಳು. ಆಮೇಲೆ ಮಗಳ ಕಡೆ ತಿರುಗಿ, "ನನ್ನ ಮಗನ ಪಟ ಆಗಿದೆಯೇನಮ್ಮಾ?" ಎಂದಳು.

ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೆಣ ಮುಂದಿಟ್ಕೊಂಡು ಪಟ ಕೇಳ್ತಾಳಲ್ಲ," ಎಂದು ಅತ್ತೆ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಟೈಲರಮ್ಮನಿಗೂ ಕೇಳಿಸಿರಬೇಕು, ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

"ಒಳಗೆ ಬನ್ನಿ, ತೋರಿಸ್ತೀನಿ," ಎಂದಳು ಮಗಳು.

*

ಹುಡುಗ ಹೋದ ಮರುವರ್ಷ ಅದು ಶುರುವಾದದ್ದು. ಟೈಲರಮ್ಮ ಒಂದು ಪುಟ್ಟ ಅಂಗಿ ತಂದು ಸ್ಟುಡಿಯೋದ ಮೇಜಿನ ಮೇಲೆ ಬಿಡಿಸಿಟ್ಟಿದ್ದಳು.

"ನಾಳೆಗೆ ಅವನಿಗೆ ಏಳು ತುಂಬ್ತಿತ್ತು. ಅವನ ಜೊತೆಯ ಹುಡುಗರ ಅಳತೆ ತಗೊಂಡು ಹೊಲಿದಿದೀನಿ. ಇದನ್ನ ಹಾಕ್ಕೊಂಡ ಹಾಗೆ ಬರ್ಕೊಡಿ ಫೋಟೋದವರೇ."

ಅಪ್ಪ ಅಂಗಿಯನ್ನು ಗೂಟಕ್ಕೆ ತೂಗುಹಾಕಿ, ಮೊದಲು ಅಂಗಿ, ಕೊನೆಗೆ ಮುಖ ಬರೆದ. ಅಲ್ಲಿಂದ ವರ್ಷಕ್ಕೊಂದು. ಎಂಟರ ಅಂಗಿ, ಒಂಬತ್ತರ ಅಂಗಿ. ಹದಿನೇಳಕ್ಕೆ ಭುಜ ಅಗಲವಾಯಿತು, ಮೂವತ್ತಕ್ಕೆ ಹೊಟ್ಟೆಯ ಬಳಿ ಒಂದು ಬೆರಳು ಸಡಿಲ. ಸತ್ತ ಹುಡುಗ ವರ್ಷ ವರ್ಷವೂ ಅಪ್ಪನ ಕೈಕೆಳಗೆ ಬೆಳೆಯುತ್ತಲೇ ಹೋದ. ಉಳಿದ ಗಿರಾಕಿಗಳ ಮೊಡವೆ ಅಳಿಸುವುದು, ಕಣ್ಣ ಕೆಳಗಿನ ಕಪ್ಪು ತೆಗೆಯುವುದು ಮಗಳ ಕೆಲಸ. ಈ ಒಂದು ಪಟವನ್ನು ಮಾತ್ರ ಅಪ್ಪ ಅವಳಿಗೆ ಮುಟ್ಟಗೊಡುತ್ತಿರಲಿಲ್ಲ.

ಪ್ರತಿವರ್ಷವೂ ಅಪ್ಪ ಗಂಟಲು ಸರಿಮಾಡಿಕೊಳ್ಳುತ್ತಿದ್ದ. "ಟೈಲರಮ್ಮ, ನಿಮಗೆ ಒಂದು ಮಾತು..."

"ಕಾಲರ್ ಸರಿಯಾಗಿ ಬರೀರಿ ಫೋಟೋದವರೇ. ಹೋದ ಸಲ ಒಂದು ಕಡೆ ಎಳೆದಿತ್ತು," ಎನ್ನುತ್ತಿದ್ದಳು ಟೈಲರಮ್ಮ.

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅವಳು ಹೋದಮೇಲೆ ಅಪ್ಪ ಊಟ ಬಿಟ್ಟು ಕತ್ತಲೆ ಕೋಣೆಯಲ್ಲಿ ಕೂರುತ್ತಿದ್ದ. ತೊಳೆಯಲು ಒಂದು ಫಿಲ್ಮೂ ಇಲ್ಲದ ದಿನ ಅಲ್ಲಿ ಏನು ಮಾಡುತ್ತಾನೆಂದು ಮಗಳು ಕೇಳಿದವಳಲ್ಲ.

*

ಈ ವರ್ಷದ ಪಟ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿತ್ತು. ನಲವತ್ತೇಳು ವರ್ಷದವನ ನೀಲಿ ಅಂಗಿ, ಗುಂಡಿಯ ದಾರ ಕೂಡ ಕಾಣುವಂತೆ ಬರೆದು ಮುಗಿದಿತ್ತು. ಕಾಲರಿನ ಮೇಲೆ ಬರೀ ಬಿಳಿ ಕ್ಯಾನ್ವಾಸು. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ.

"ಟೈಲರಮ್ಮ, ಅಪ್ಪ ನಿಮಗೊಂದು ಮಾತು ಹೇಳು ಅಂದಿದಾರೆ."

"ಈ ಕಫ್ ನೋಡು, ಎಷ್ಟು ಚೆನ್ನಾಗಿ..."

"ಇವತ್ತು ತಡೀಬೇಡಿ," ಎಂದಳು ಮಗಳು. "ನಿಮ್ಮ ಮಗ ಓಡಾಡ್ತಾ ಜಾರಿದ್ದಲ್ಲ. ಎರಡು ಹೆಜ್ಜೆ ಹಿಂದೆ ಸರಿ ಅಂತ ಅಪ್ಪನೇ ಅಂದ. ಅವನು ಸರಿದ. ಅಷ್ಟೇ ಆಗಿದ್ದು."

ಟೈಲರಮ್ಮ ಪಟದಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು," ಎಂದಳು.

ಮಗಳಿಗೆ ತಾನು ಕೇಳಿದ್ದು ಸರಿಯೇ ಎಂದೇ ತಿಳಿಯಲಿಲ್ಲ.

"ಅವತ್ತು ಸಂಜೇನೇ ಗೊತ್ತಾಯ್ತು. ಅವನ ಪಕ್ಕ ನಿಂತಿದ್ದ ಹುಡುಗಿ ಬಂದು ಹೇಳಿದ್ಲು. ಪಾಪ, ಹೇಳಿ ನನ್ನ ಸೆರಗಿಗೇ ಮೂಗು ಒರೆಸ್ಕೊಂಡು ಹೋದ್ಲು."

"ಮತ್ತೆ ಒಂದು ದಿನವೂ ಕೇಳಲಿಲ್ಲವಲ್ಲ ನೀವು."

"ಕೇಳಿದ್ದರೆ ಅಳ್ತಿದ್ದ. ಕಾಲು ಹಿಡೀತಿದ್ದ. ನಾನೂ ಕಲ್ಲಲ್ಲ, ಹೋಗಲಿ ಬಿಡಿ ಅಂದುಬಿಡ್ತಿದ್ದೆ. ಅವನು ಹಗುರ ಆಗಿ ಊಟ ಮಾಡಿ ಮಲಗ್ತಿದ್ದ. ಆಮೇಲೆ ನಾನೊಬ್ಬಳೇ ಹೊತ್ಕೊಳ್ಳಬೇಕಿತ್ತು. ಅದಕ್ಕೇ ಅವನಿಗೆ ಬಾಯಿ ತೆಗೆಯೋಕೆ ಬಿಡಲಿಲ್ಲ. ಅಂಗಿ ತಂದು ಮುಂದಿಟ್ಟೆ. ನನ್ನ ಮಗ ಇಷ್ಟು ದೊಡ್ಡವನಾಗಬೇಕಿತ್ತು, ನೋಡ್ಕೊಂಡು ಬರಿ ಅಂತ." ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಎಲ್ಲೋ ದಾರೀಲಿ ಆ ಸಿಟ್ಟು ಸವೆದುಹೋಯ್ತು ಕಣಮ್ಮ. ಮೀಸೆ ಬರೆದ ವರ್ಷ ಇರಬೇಕು. ದಪ್ಪ ಮೀಸೆ ಬೇಕು ಅಂತ ನಾನು, ಈ ವಯಸ್ಸಿಗೆ ಅಷ್ಟು ಬರಲ್ಲ ಅಂತ ನಿಮ್ಮಪ್ಪ. ಅರ್ಧ ದಿನ ಜಗಳ ಆಡಿದ್ವಿ. ನನ್ನ ಮಗನ ವಿಷಯಕ್ಕೆ ಜಗಳ ಆಡೋಕೆ ಊರಲ್ಲಿ ಇನ್ಯಾರಿದ್ರು? ಆಮೇಲೆ ಹೇಳೋಕೆ ಬಿಡದೇ ಇದ್ದಿದ್ದು ಭಯಕ್ಕೆ. ಹೇಳಿಬಿಟ್ಟರೆ ಪಟ ನಿಂತುಹೋಗುತ್ತಲ್ಲ ಅಂತ."

"ಈಗಲಾದರೂ ಅಪ್ಪನ ಹತ್ತಿರ ಒಂದು ಮಾತು..."

"ಕಿವಿ ಇದ್ದಾಗ ಹೇಳಲಿಲ್ಲ. ಈಗ ಯಾರಿಗೆ ಹೇಳಲಿ."

ಅಪ್ಪ ಕೊಟ್ಟ ಕೆಲಸ ಮುಗಿದಿತ್ತು. ಇಲ್ಲಿಗೇ ನಿಲ್ಲಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಮಗಳಿಗೆ ಬೆಳಿಗ್ಗೆಯಿಂದ ಮಾತು ಕಡಿದುಹೋಗುತ್ತಿದ್ದ ಜಾಗ ಯಾವುದೆಂದು ಈಗ ಗೊತ್ತಾಯಿತು.

"ನಾನೂ ಅಲ್ಲಿದ್ದೆ. ಬಿಳಿ ಬಟ್ಟೆ ಹಿಡ್ಕೊಂಡು ಪಕ್ಕಕ್ಕೆ ನಿಂತಿದ್ದೆ. ಮುಂದಿನ ಸಾಲುಗಳ ಮರೆಗೆ ಅಪ್ಪನಿಗೆ ಅಂಚು ಕಾಣ್ತಿರಲಿಲ್ಲ. ನನಗೆ ಗೋಡೆ ಇಲ್ಲದ ಅಂಚು ಕಾಣ್ತಿತ್ತು. ಅವನ ಹಿಮ್ಮಡಿ ಕಾಣ್ತಿತ್ತು. ಬೇಡ ಅಂತ ಕೂಗಬಹುದಿತ್ತು. ಕೂಗಲಿಲ್ಲ."

ಟೈಲರಮ್ಮ ಈಗ ತಿರುಗಿದಳು.

"ಇದು ಗೊತ್ತಿರಲಿಲ್ಲ," ಎಂದಳು.

ಹೊರಗೆ ಗಾಡಿಯ ಹಾರನ್ ಕೇಳಿಸಿತು. ಬೇಕರಿಯವನು ಬಾಗಿಲಲ್ಲಿ ತಲೆ ಹಾಕಿ, "ಹೊತ್ತಾಯ್ತಮ್ಮ, ಎತ್ತೋಣವಾ?" ಎಂದ. ಮಗಳು ಹೂಂ ಎಂದಳು.

ಮಣ್ಣು ಹಾಕುವಾಗ ಅವಳ ಕಣ್ಣು ಅಪ್ಪನ ಗುಂಡಿಗಿಂತ ಹೆಚ್ಚಾಗಿ ಜನರ ನಡುವೆಯೇ ಹುಡುಕುತ್ತಿತ್ತು. ಟೈಲರಮ್ಮ ಎಲ್ಲೂ ಇರಲಿಲ್ಲ. ಮನೆಗೆ ಹೋಗಿರಬೇಕು, ಇನ್ನು ಈ ಬಾಗಿಲು ತುಳಿಯಲಾರಳು ಎಂದುಕೊಂಡಳು. ಅಪ್ಪನನ್ನು ಕಳೆದುಕೊಂಡ ಅಳು ಬರಬೇಕಾದ ಕಡೆ ಬೇರೆ ಅಳು ಬಂದಿತು.

*

ನಾಲ್ಕು ಗಂಟೆಗೆ ಮರಳಿ ಬಂದಾಗ ಸ್ಟುಡಿಯೋದ ಬಾಗಿಲು ತೆರೆದಿತ್ತು. ಖಾಲಿ ಮಂಚವನ್ನು ಯಾರೋ ಗೋಡೆಗೆ ಎತ್ತಿ ನಿಲ್ಲಿಸಿದ್ದರು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ, ಮೆಟ್ಟಿಲಿನ ಪರದೆಯ ಮುಂದೆ, ಟೈಲರಮ್ಮ ಕೂತಿದ್ದಳು. ಮುಖವಿಲ್ಲದ ಪಟವನ್ನು ತಾನೇ ಹೊತ್ತು ತಂದು ಕಿಟಕಿಯ ಬೆಳಕಿಗೆ ನಿಲ್ಲಿಸಿದ್ದಳು.

"ಅತ್ತೇನ ಒಳಗೆ ಮಲಗಿಸಿ ಬಾ. ಇದನ್ನ ಮುಗಿಸು."

"ನನ್ನ ಕೈಲಾಗಲ್ಲ ಟೈಲರಮ್ಮ. ನಲವತ್ತೇಳರ ಮುಖ ನನಗೆ ಗೊತ್ತಿಲ್ಲ. ಅವನನ್ನ ಬೆಳೆಸಿದ್ದು ನೀವಿಬ್ಬರು. ನಾನು ನೋಡಿದ್ದು ಅವತ್ತಿನದೊಂದೇ ಮುಖ."

"ಅದನ್ನೇ ಕೇಳೋಕೆ ಕೂತಿದೀನಿ." ಟೈಲರಮ್ಮನ ಎರಡೂ ಕೈ ಮಡಿಲಲ್ಲಿ ಬಿಗಿದುಕೊಂಡಿದ್ದವು. "ಕೊನೇಗೆ ನೋಡಿದವಳು ನೀನು. ಹೇಗಿದ್ದ? ಇಷ್ಟು ವರ್ಷದಲ್ಲಿ ನನಗೆ ಯಾರೂ ಹೇಳಲಿಲ್ಲ. ಹೆದರಿದ್ದನಾ?"

ಮಗಳಿಗೆ ನೆನಪಿಸಿಕೊಳ್ಳಬೇಕಾದದ್ದೇ ಇರಲಿಲ್ಲ. "ಇಲ್ಲ. ಫೋಟೋಗೆ ಅಂತ ನಗು ಹಿಡ್ಕೊಂಡಿದ್ದ. ಮುಂದಿನ ಒಂದು ಹಲ್ಲು ಬಿದ್ದಿತ್ತಲ್ಲ, ಅದು ಕಾಣಬಾರದು ಅಂತ ತುಟಿ ಬಿಗಿಯಾಗಿ ಮುಚ್ಚಿಟ್ಟಿದ್ದ. ಕೆನ್ನೆ ಉಬ್ಬಿತ್ತು."

"ಬರಿ," ಎಂದಳು ಟೈಲರಮ್ಮ.

ಕಿಟಕಿಯ ಬೆಳಕು ಪಟದಿಂದ ಜಾರಿ ನೆಲಕ್ಕೆ ಇಳಿಯುವವರೆಗೂ ಮಗಳು ಕುಂಚ ಕೆಳಗಿಡಲಿಲ್ಲ, ಟೈಲರಮ್ಮ ಸ್ಟೂಲಿನಿಂದ ಏಳಲಿಲ್ಲ. ನಲವತ್ತೇಳರ ಅಂಗಿಯ ಅಗಲವಾದ ಕಾಲರಿನೊಳಗೆ ಆರು ವರ್ಷದ ತೆಳು ಕೊರಳೊಂದು ಎದ್ದಿತು. ಅದರ ಮೇಲೆ ನಗು ತಡೆದು ಕೆನ್ನೆ ಉಬ್ಬಿಸಿಕೊಂಡ ಚಿಕ್ಕ ಮುಖ. ಅಪ್ಪ ಬರೆದ ಅಂಗಿಯನ್ನೂ ಮಗಳು ತಿದ್ದಿದ್ದಳು, ಭುಜದ ಹೊಲಿಗೆ ಮೊಣಕೈಯವರೆಗೆ ಇಳಿದಿತ್ತು. ತೋಳುಗಳು ಕೈಯನ್ನು ದಾಟಿ ಜೋತುಬಿದ್ದಿದ್ದವು, ಬಲಗಡೆಯ ತೋಳಿನ ತುದಿಯಲ್ಲಿ ನಾಲ್ಕು ಬೆರಳ ತುದಿ ಮಾತ್ರ ಹೊರಗೆ ಇಣುಕಿ ಬಟ್ಟೆಯನ್ನು ಹಿಡಿದುಕೊಂಡಿದ್ದವು.